ವಿಂಡೋಸ್ ಬಿಡೋದಾ, ಇಟ್ಕೊಳ್ಳೋದಾ? ಡಿಟಿಪಿ ಅಂಗಡಿಯವರಿಗೊಂದು ಬಹಿರಂಗ ಪತ್ರ

ಡಿಟಿಪಿ, ಜೆರಾಕ್ಸು, ಆನ್‌ಲೈನ್ ಅರ್ಜಿ ಅಂತ ಬೋರ್ಡು ಹಾಕ್ಕೊಂಡು ಬೆಳಗಿಂದ ರಾತ್ರಿವರೆಗೂ ಸ್ಕ್ರೀನ್ ಮುಂದೆ ಕೂತಿರೋ ಅಣ್ಣಂದಿರಿಗೆ, ಅಕ್ಕಂದಿರಿಗೆ, ತಿಪಟೂರಿನಿಂದ ನಮಸ್ಕಾರ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, ಇನ್ಮೇಲೆ ಮಾಮೂಲಿ ಅಪ್‌ಡೇಟ್ ಬರಲ್ಲ ಅಂದಾಗಿಂದ ನನಗೆ ಬರೋ ಫೋನ್‌ಗಳೆಲ್ಲ ಒಂದೇ ಥರ. ಮೊದಲು ಪೇಪರ್ ರೇಟು, ಆಮೇಲೆ ಕೊಬ್ಬರಿ ರೇಟು, ಇನ್ನೇನು ಇಡಬೇಕು ಅನ್ನೋವಾಗ ಮೆಲ್ಲಗೆ, "ಅಲ್ಲಣ್ಣ, ನೀವು 11ಕ್ಕೆ ಹೋದ್ರಾ, ಇಲ್ಲಾ ಆ ಲಿನಕ್ಸ್ ಅಂತಾರಲ್ಲ ಅದನ್ನೇ ಹಾಕ್ಕೊಂಬಿಟ್ರಾ?" (ಲಿನಕ್ಸ್ ಅಂದ್ರೆ ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕ್ಕೋಬಹುದಾದ ಇನ್ನೊಂದು ವ್ಯವಸ್ಥೆ.) ಒಬ್ಬೊಬ್ಬರಿಗೂ ಹೇಳಿ ಹೇಳಿ ನನ್ನ ಗಂಟಲು ಹೋಯ್ತು, ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೀತಿದೀನಿ. ಉದ್ದ ಆಗಿದೆ, ಗಿರಾಕಿ ಇಲ್ಲದಾಗ ಓದ್ಕೊಳ್ಳಿ.

ನಾನು ಇಂಜಿನಿಯರ್ ಅಲ್ಲ. 2003ರಲ್ಲಿ ಅಂಗಡಿ ತೆಗೆದೆ, ಆಗ ಒಂದೇ ಕಂಪ್ಯೂಟರು, ಅದ್ರಲ್ಲಿ ವಿಂಡೋಸ್ 98, ಪುಟ ಕಟ್ಟೋಕೆ ಪೇಜ್‌ಮೇಕರ್, ಕನ್ನಡ ಟೈಪಿಗೆ ನುಡಿ. ಈಗ ಮೂರು ಮಷೀನಿವೆ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಮಂಡಿ ಬಿಲ್ ಬುಕ್ಕು, ಎಲೆಕ್ಷನ್ ಬಂದ್ರೆ ಕರಪತ್ರ, ಮಿಕ್ಕ ದಿನ ಪಹಣಿ, ಜಾತಿ ಸರ್ಟಿಫಿಕೇಟು ಅರ್ಜಿ. ನಿಮ್ಮದೂ ಹೆಚ್ಚುಕಮ್ಮಿ ಇದೇ ಅಲ್ವಾ.

ನನ್ನ ಅಂಗಡೀಲಿ ಹದಿನಾಲ್ಕು ವರ್ಷದಿಂದ ಟೈಪ್ ಮಾಡ್ತಿರೋ ಅಕ್ಕ ಒಬ್ರಿದಾರೆ. ಅವರು ಕೆಲಸ ಮಾಡೋದನ್ನ ಒಂದು ದಿನ ಪಕ್ಕದಲ್ಲೇ ಕೂತು ನೋಡಿದೆ, ಅವರು ಸ್ಕ್ರೀನೇ ನೋಡಲ್ಲ ಕಣ್ರೀ! ಕಣ್ಣು ಮ್ಯಾನುಸ್ಕ್ರಿಪ್ಟ್ ಮೇಲೆ, ಎಡಗೈ ಕೀಬೋರ್ಡ್ ಮೇಲೆ, ಬಲಗೈ ಮೌಸನ್ನ ಎಡಗಡೆ ಕೆಳಗಿನ ಮೂಲೆಗೆ ತಳ್ಳಿ ಒಂದು ಕ್ಲಿಕ್, ಸ್ಟಾರ್ಟ್ ತೆಗೀತು. ಮೂಲೆ ಅನ್ನೋದು ಗೋಡೆ ಇದ್ದಂಗೆ, ಎಷ್ಟು ಜೋರಾಗಿ ತಳ್ಳಿದ್ರೂ ಮೌಸು ಅಲ್ಲೇ ನಿಲ್ಲುತ್ತೆ, ಗುರಿ ಇಡೋ ಅಗತ್ಯ ಇಲ್ಲ. 1995ರಿಂದ ನಾವೆಲ್ಲ ಆ ಮೂಲೆಗೆ ಕೈ ಪಳಗಿಸ್ಕೊಂಡು ಬಂದವರು. ಈಗ 2021ರ ಅಕ್ಟೋಬರ್ 5ಕ್ಕೆ ಬಂದ 11ರಲ್ಲಿ ಅದನ್ನ ತಗೊಂಡ್ಹೋಗಿ ನಡುಮಧ್ಯ ಇಟ್ರು. ಇಟ್ಟಿದ್ದಷ್ಟೇ ಆಗಿದ್ರೆ ಅಡ್ಜಸ್ಟ್ ಮಾಡ್ಕೋಬಹುದಿತ್ತು, ಆದ್ರೆ ನೀವು ಇನ್ನೊಂದೆರಡು ಪ್ರೋಗ್ರಾಮ್ ತೆಗೆದ್ರೆ ಐಕಾನ್ ಸಾಲು ಉದ್ದ ಆಗಿ ಸ್ಟಾರ್ಟ್ ಬಟನ್ನೂ ಎಡಕ್ಕೆ ಸರಿಯುತ್ತೆ, ಮುಚ್ಚಿದ್ರೆ ಬಲಕ್ಕೆ ಸರಿಯುತ್ತೆ. ಮನೆ ಬಾಗಿಲು ಒಳಗಿರೋ ಜನದ ಲೆಕ್ಕದ ಮೇಲೆ ಅತ್ತಿತ್ತ ಓಡಾಡಿದ್ರೆ ಹೆಂಗೆ?

ಸರಿ, ಸೆಟ್ಟಿಂಗ್ಸ್‌ನಲ್ಲಿ ಅದನ್ನ ಎಡಕ್ಕೆ ತಂದ್ಕೋಬಹುದು, ಅದು ಮೊದಲ ದಿನದಿಂದಾನೂ ಇದೆ, ಸುಳ್ಳು ಹೇಳಬಾರದು. ನನಗೆ ಜಾಸ್ತಿ ಉರಿದಿದ್ದು ಬೇರೆ. ಟಾಸ್ಕ್‌ಬಾರನ್ನ, ಅಂದ್ರೆ ಸ್ಟಾರ್ಟ್ ಬಟನ್ ಇರೋ ಆ ಕೆಳಗಿನ ಪಟ್ಟೀನ, ಎಳೆದು ಬಲಗಡೆ ಗೋಡೆಗೋ ಮೇಲಕ್ಕೋ ಅಂಟಿಸೋ ಸೌಲಭ್ಯ 11 ಬಂದಾಗ ಮಾಯ. ಎ4 ಪುಟ ನಿಂತಿರೋ ಪುಟ, ನಮ್ಮ ಸ್ಕ್ರೀನು ಮಲಗಿರೋ ಸ್ಕ್ರೀನು, ಹಂಗಾಗಿ ಅಗಲದಲ್ಲಿ ಜಾಗ ದಂಡಿಯಾಗಿದೆ, ಎತ್ತರದಲ್ಲಿ ಒಂದೊಂದು ಬೆರಳೂ ಬೇಕು. ಅದಕ್ಕೇ ನಮ್ಮಲ್ಲಿ ಬಹಳ ಜನ ಪಟ್ಟೀನ ಪಕ್ಕಕ್ಕೆ ಹಾಕ್ಕೊಂಡಿದ್ದು. ಶೋಕಿಗೆ ಮಾಡ್ಕೊಂಡಿದ್ದಲ್ಲ. ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಹೆಸರು ಸಮೇತ ಟಾಸ್ಕ್‌ಬಾರಲ್ಲಿ ತೋರಿಸೋದನ್ನೂ ತೆಗೆದ್ರು. ಐದು ಲಗ್ನಪತ್ರಿಕೆ ಒಟ್ಟಿಗೆ ತೆಗೆದಿಟ್ಕೊಂಡು ಯಾವುದು ಯಾರ ಮದುವೆ ಅಂತ ಗೊತ್ತಾಗ್ದಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಜನ ಬೈದೂ ಬೈದೂ 2023ರಲ್ಲಿ ಅದನ್ನ ವಾಪಸ್ ಕೊಟ್ರು. ರೈಟ್ ಕ್ಲಿಕ್ ಮೆನುನೂ ಹಂಗೇ, ಕಟ್, ಕಾಪಿ, ಪೇಸ್ಟ್ ಅನ್ನೋ ಪದಗಳನ್ನ ತೆಗೆದು ಮೇಲೊಂದು ಸಾಲು ಸಣ್ಣಸಣ್ಣ ಚಿತ್ರ ಮಾಡಿಟ್ರು, ಮಿಕ್ಕ ಹಳೇದನ್ನೆಲ್ಲ "ಇನ್ನಷ್ಟು ತೋರಿಸು" ಅನ್ನೋದರ ಹಿಂದೆ ಬಚ್ಚಿಟ್ರು. ನಮ್ಮಕ್ಕನಂಥವರು ಇಂಗ್ಲಿಷ್ ಓದಿ ಕ್ಲಿಕ್ ಮಾಡೋರಲ್ಲ, ಮೇಲಿಂದ ಎಷ್ಟನೇ ಸಾಲು ಅಂತ ಲೆಕ್ಕದ ಮೇಲೆ ಮಾಡೋರು. 2024ರ ಅಪ್‌ಡೇಟಲ್ಲಿ ಆ ಚಿತ್ರಗಳ ಕೆಳಗೆ ಮತ್ತೆ ಹೆಸರು ಬರೆದ್ರು. ಮೂರು ವರ್ಷ ಬೇಕಾಯ್ತು, ಚಿತ್ರದ ಕೆಳಗೆ ಹೆಸರು ಬರೆಯೋಕೆ.

ಇದೇನು ಹೊಸದಲ್ಲ ಬಿಡಿ. 2012ರ ಅಕ್ಟೋಬರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಬಟನ್ನನ್ನೇ ತೆಗೆದಿದ್ರು, ನೆನಪಿದ್ಯಾ? ಇಡೀ ಸ್ಕ್ರೀನ್ ತುಂಬ ಬಣ್ಣಬಣ್ಣದ ಚೌಕ, ಬೆರಳಲ್ಲಿ ಮುಟ್ಟೋ ಸ್ಕ್ರೀನಿಗೆ ಅಂತ ಮಾಡಿದ್ದು, ನಮ್ಮದೋ ಮುಟ್ಟಿದ್ರೆ ಬೆರಳಚ್ಚು ಬೀಳೋ ಸ್ಕ್ರೀನು. ಒಂದೇ ವರ್ಷಕ್ಕೆ 8.1ರಲ್ಲಿ ಬಟನ್ ವಾಪಸ್ ಬಂತು, 2015ರಲ್ಲಿ 10 ಬಂದಾಗ ಮೆನುನೂ ವಾಪಸ್ ಬಂತು. ಆವಾಗ ಬಹಳ ಜನ ಏನ್ ಮಾಡಿದ್ರು ಅಂದ್ರೆ 7ರಲ್ಲೇ ಕೂತು 8ನ್ನ ದಾಟಿಸಿಬಿಟ್ರು, ನಾನೂ ಅಷ್ಟೆ. ಈ ಸಲಾನೂ ಅದೇ ಉಪಾಯ ಮಾಡೋಣ, 12 ಬರ್ಲಿ ನೋಡೋಣ ಅಂತ ಕೂತವರು ಸುಮಾರು ಜನ. ಆದ್ರೆ ಈ ಸಲ ಕಾಯೋದಕ್ಕೆ ಜಾಗ ಇಲ್ಲ, 10ರ ಗಡುವು ಮುಗಿದಿದೆ. ಮನೆ ಬಳಕೆಯವರಿಗೆ ಇನ್ನೊಂದು ವರ್ಷ, ಅಂದ್ರೆ 2026ರ ಅಕ್ಟೋಬರ್ 13ರವರೆಗೆ, ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂದ್ರು, 30 ಡಾಲರ್ ಕೊಡಿ, ಇಲ್ಲಾ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿ, ಇಲ್ಲಾ 1000 ರಿವಾರ್ಡ್ಸ್ ಪಾಯಿಂಟ್ ಕೊಡಿ ಅಂತ. ಅದು ಬಾಡಿಗೆ ಮನೆ ಖಾಲಿ ಮಾಡೋಕೆ ಕೊಡೋ ನೋಟಿಸ್ ಪೀರಿಯಡ್ ಇದ್ದಂಗೆ, ಹೆಚ್ಚೇನಿಲ್ಲ.

ಇನ್ನು 11ಕ್ಕೆ ಹೋಗ್ತೀನಿ ಅಂದ್ರೂ ಮಷೀನು ಒಪ್ಪಬೇಕಲ್ಲ. ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ಜನರೇಶನ್ ಇಂದೀಚೆಗಿನ ಪ್ರೊಸೆಸರ್ ಬೇಕು. ಎಂಟನೇ ಜನರೇಶನ್ ಮಾರ್ಕೆಟ್ಟಿಗೆ ಬಂದಿದ್ದೇ 2017ರಲ್ಲಿ. ನನ್ನ ಮೂರರಲ್ಲಿ ಎರಡು ನಾಲ್ಕನೇ ಜನರೇಶನ್ ಐ3, ಎಂಟು ಜಿಬಿ ರ‍್ಯಾಮು, ಹೋದ ಸಲ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಕುದುರೆ ಥರ ಓಡ್ತಾ ಇವೆ. ಲಗ್ನಪತ್ರಿಕೆ ಮಾಡೋಕೆ ಇನ್ನೆಷ್ಟು ಸ್ಪೀಡ್ ಬೇಕು? ಚೆನ್ನಾಗಿ ಹಾಲು ಕೊಡ್ತಿರೋ ಹಸುನ ಕೊಂಬು ಸರಿಯಿಲ್ಲ ಅಂತ ಸಂತೆಗೆ ಹೊಡೆಯೋಕೆ ನನಗಂತೂ ಮನಸ್ಸಿಲ್ಲ. ವಿಂಡೋಸಿನ ಒಳಗಿನ ಸೆಟ್ಟಿಂಗ್ (ರಿಜಿಸ್ಟ್ರಿ) ತಿದ್ದಿ ಹಳೇ ಮಷೀನಿಗೇ 11 ಹಾಕ್ಕೊಡ್ತೀವಿ ಅನ್ನೋ ಹುಡುಗರೂ ಇದಾರೆ. ಹಾಕಬಹುದು, ಹಾಕ್ತಾರೆ. ಆದ್ರೆ ಸಪೋರ್ಟ್ ಇಲ್ಲದ ಮಷೀನು ಅಂತ ಕಂಪನಿಯೇ ಹೇಳಿರುವಾಗ ನಾಳೆ ಯಾವುದೋ ಅಪ್‌ಡೇಟ್ ಬರಲಿಲ್ಲ ಅಂದ್ರೆ ಯಾರನ್ನ ಕೇಳ್ತೀರ.

ಹಂಗಾದ್ರೆ ಲಿನಕ್ಸ್. ನನ್ನ ಒಡಹುಟ್ಟಿದ ಅಕ್ಕನ ಮಗ ಇಂಜಿನಿಯರಿಂಗ್ ಓದ್ತಾನೆ, ರಜಕ್ಕೆ ಬಂದಾಗೆಲ್ಲ ಇದೇ ಭಜನೆ, "ಮಾವ, ಲಿನಕ್ಸ್ ಹಾಕ್ಬಿಡಿ, ಫ್ರೀ, ವೈರಸ್ ಇಲ್ಲ, ನಿಮ್ ಮಷೀನ್ ಇನ್ನೂ ಹತ್ತು ವರ್ಷ ಬರುತ್ತೆ". ಅವನು ಹೇಳೋದ್ರಲ್ಲಿ ಮುಕ್ಕಾಲು ಪಾಲು ನಿಜ. ಹೇಳದೇ ಬಿಟ್ಟಿದ್ದನ್ನ ನಾನು ಹೇಳ್ತೀನಿ: ಡಿಸೈನ್ ಬದಲಾಯಿಸಿ ಜನರ ಕೈಲಿ ಬೈಸ್ಕೊಳ್ಳೋ ಚಾಳಿ ಲಿನಕ್ಸಿನವರಿಗೂ ಇದೆ. ಕೆಡಿಇ, ಗ್ನೋಮ್ ಅಂತ ಲಿನಕ್ಸ್ ಸ್ಕ್ರೀನಿಗೆ ಬೇರೆಬೇರೆ ಮುಖಗಳಿವೆ, 2008ರಲ್ಲಿ ಕೆಡಿಇ 4 ಬಂದಾಗ ಗಲಾಟೆ, 2011ರ ಏಪ್ರಿಲಲ್ಲಿ ಗ್ನೋಮ್ 3 ಬಂದಾಗ ಅದಕ್ಕಿಂತ ದೊಡ್ಡ ಗಲಾಟೆ, ಅದೇ ತಿಂಗಳು ಉಬುಂಟು ಅನ್ನೋ ಲಿನಕ್ಸು ಯೂನಿಟಿ ಅಂತ ಇನ್ನೊಂದು ಮುಖ ತಂದು ಆರು ವರ್ಷ ಜನರಿಗೆ ಅಭ್ಯಾಸ ಮಾಡಿಸಿ 2017ರಲ್ಲಿ ಕೈಬಿಡ್ತು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಗ್ನೋಮ್ 3 ನೋಡಿ ಸಿಟ್ಟಾಗಿ ಎಕ್ಸ್‌ಎಫ್‌ಸಿಇ ಅನ್ನೋ ಇನ್ನೊಂದರ ಕಡೆ ಹೋಗಿದ್ರು, ಎರಡು ವರ್ಷ ಆದ್ಮೇಲೆ ವಾಪಸ್ಸೂ ಬಂದ್ರು. ದೊಡ್ಡವರ ಕಥೆನೇ ಹಿಂಗೆ, ನಮ್ಮದೇನು.

ಆದ್ರೆ ಒಂದು ವ್ಯತ್ಯಾಸ ಇದೆ, ಅದು ಸಣ್ಣದಲ್ಲ. ಗ್ನೋಮ್ 3 ಬೇಡ ಅನ್ನಿಸಿದಾಗ ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೇ ಗ್ನೋಮ್ 2ರ ಕೋಡ್ ತಗೊಂಡು ಅದನ್ನೇ ಮುಂದುವರಿಸಿದ, ಅವರ ಕಡೆ ಕುಡಿಯೋ ಒಂದು ಥರ ಎಲೆ ಟೀ ಇದೆ, ಅದರ ಹೆಸರನ್ನೇ ಇಟ್ಟ, ಮಾಟೆ ಅಂತ. ಮಿಂಟ್ ಅನ್ನೋ ಇನ್ನೊಂದು ಥರದ ಲಿನಕ್ಸ್ ಮಾಡೋರು ಸಿನಮನ್ ಅಂತ ತಮ್ಮದೇ ಒಂದು ಮಾಡ್ಕೊಂಡ್ರು, ಎಡಗಡೆ ಮೂಲೇಲಿ ಮೆನು, ಕೆಳಗಡೆ ಪಟ್ಟಿ, ಬೇಕಂದ್ರೆ ಪಕ್ಕಕ್ಕೆ ಹಾಕ್ಕೊಳ್ಳಿ. ಹದಿನೈದು ವರ್ಷದ ಹತ್ತಿರ ಆಯ್ತು, ಎರಡೂ ಈಗಲೂ ನಡೀತಿವೆ. ಅಲ್ಲಿ ಬೈದವರಿಗೆ ಬೈದು ಸುಮ್ಮನಾಗೋದಕ್ಕಿಂತ ಮುಂದಿನ ದಾರಿ ಒಂದಿತ್ತು. ಇಲ್ಲಿ ನಮಗೆ ಬೈದು ಮೂರು ವರ್ಷ ಕಾಯೋ ದಾರಿ ಒಂದೇ.

ಅಂತೂ ಒಂದು ಭಾನುವಾರ ಶಟರ್ ಅರ್ಧ ಎಳ್ಕೊಂಡು ಮಿಂಟನ್ನ ಪೆನ್‌ಡ್ರೈವಿಗೆ ಹಾಕಿ ಮಷೀನ್ ಆನ್ ಮಾಡ್ದೆ. ಇನ್‌ಸ್ಟಾಲ್ ಮಾಡದೇನೇ ಪೆನ್‌ಡ್ರೈವಿಂದ ನಡೆಸಿ ನೋಡಬಹುದು, ಒಳಗಿರೋ ಫೈಲಿಗೆ ಏನೂ ಆಗಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಹುಡುಕಿದ್ದು ಕನ್ನಡ ಕೀಬೋರ್ಡು. ನನ್ನ ಲೆಕ್ಕ ಏನಿತ್ತು ಅಂದ್ರೆ, ಇನ್‌ಸ್ಕ್ರಿಪ್ಟ್ ಅನ್ನೋ ಬೇರೆ ಥರದ ಕೀಲಿ ಜೋಡಣೆ ಒಂದೇ ಇರುತ್ತೆ, ನಮ್ಮಕ್ಕ ಕೈ ಎತ್ತಿಬಿಡ್ತಾರೆ, ಇಲ್ಲಿಗೇ ಕಥೆ ಮುಗೀತು ಅಂತ. ಕೀಬೋರ್ಡ್ ಪಟ್ಟೀಲಿ ಕನ್ನಡ ಅಂತ ಹೋದ್ರೆ ಅಲ್ಲಿ "ಕಗಪ" ಅಂತ ಇದೆ! ಕನ್ನಡ ಗಣಕ ಪರಿಷತ್ತಿನ ಕಗಪ. ಕೆ.ಪಿ. ರಾವ್ ಅವರು ಕೊಟ್ಟ ಅದೇ ವಿನ್ಯಾಸ, ನುಡೀಲಿ ನಾವು ಒತ್ತೋ ಅದೇ ಕೀಲಿಗಳು, ಎಫ್ ಒತ್ತಿದ್ರೆ ಒತ್ತಕ್ಷರಕ್ಕೆ ಕೊಂಡಿ. ಯಾರೋ ಪುಣ್ಯಾತ್ಮರು ಲಿನಕ್ಸಿನ ಮೂಲ ಕೀಬೋರ್ಡ್ ಪಟ್ಟಿಗೇ ಅದನ್ನ ಸೇರಿಸಿದಾರೆ. ಅಷ್ಟೇ ಅಲ್ಲ, ಹಿಂದಿ, ಮರಾಠಿ, ತೆಲುಗು, ಸಂಸ್ಕೃತದವರಿಗೂ ಆ ಪಟ್ಟೀಲಿ "ಕಗಪ" ಅಂತಾನೇ ಒಂದೊಂದು ಕೀಲಿಮಣೆ ಇದೆ. ಅಮೆರಿಕದಲ್ಲಿ ಕೂತು ಹಿಂದಿ ಟೈಪ್ ಮಾಡೋನು ಕನ್ನಡ ಗಣಕ ಪರಿಷತ್ತಿನ ಹೆಸರು ಆರಿಸ್ಕೊಂಡು ಮಾಡ್ತಿರಬಹುದು, ಕಗಪ ಅಂದ್ರೆ ಏನು ಅಂತ ಅವನಿಗೆ ಗೊತ್ತಿರೋದು ಡೌಟು. ನನಗಂತೂ ಒಂದು ಕ್ಷಣ ಎದೆ ಉಬ್ಬಿಹೋಯ್ತು, ಶಟರ್ ಎತ್ತಿ ಪಕ್ಕದ ಟೀ ಅಂಗಡಿಯವರಿಗೆ ಹೇಳೋಣ ಅನ್ನಿಸ್ತು, ಅವರಿಗೇನು ಅರ್ಥ ಆಗುತ್ತೆ ಅಂತ ಸುಮ್ಮನಾದೆ. ಸೋಮವಾರ ಅಕ್ಕನ್ನ ಕೂರಿಸಿದೆ, ಹತ್ತು ನಿಮಿಷದಲ್ಲಿ ಒಂದು ಅರ್ಜಿ ಹೊಡೆದ್ರು, ಏನೂ ಕೇಳಲಿಲ್ಲ. ಗುಬ್ಬಿ, ನವಿಲು ಅಂತ ಒಳ್ಳೇ ಯೂನಿಕೋಡ್ ಫಾಂಟ್‌ಗಳೂ ಸಿಕ್ವು. (ಯೂನಿಕೋಡ್ ಅಂದ್ರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಕೊಡೋ ಪದ್ಧತಿ.)

ಆಮೇಲೆ ಹಳೇ ಫೈಲ್ ತೆಗೆದೆ. ಅಲ್ಲಿಗೆ ಇಳೀತು ಜ್ವರ.

ಹದಿನೈದು ವರ್ಷದ ಹಿಂದೆ ಮಾಡಿದ್ದ ಒಂದು ಲಗ್ನಪತ್ರಿಕೆ, ಈಗ ಅದೇ ಮನೆಯ ತಮ್ಮನ ಮದುವೆ, "ಅದೇ ಥರ ಮಾಡ್ಕೊಡಿ ಸಾರ್" ಅಂದಿದ್ರು. ತೆಗೆದ್ರೆ ಕನ್ನಡ ಅನ್ನೋ ಪದ ಇರೋ ಜಾಗದಲ್ಲಿ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರೋ ಒಂದು ಎ, ಬ್ರಿಟನ್ನಿನ ಪೌಂಡ್ ದುಡ್ಡಿನ ಗುರುತು, ಮತ್ತೆ ಗೀಟಿನ ಎ. ನಿಮಗೆಲ್ಲ ಗೊತ್ತು ಇದು ಏನು ಅಂತ, ಫಾಂಟ್ ಇಲ್ಲದ ಮಷೀನಲ್ಲಿ ನುಡಿ ಫೈಲ್ ತೆಗೆದ್ರೆ ಕಾಣೋ ಅವತಾರ. ತಪ್ಪು ನಂದೇ, ಫಾಂಟ್ ಕಾಪಿ ಮಾಡಿರಲಿಲ್ಲ. ಕಾಪಿ ಮಾಡಿದ ಮೇಲೆ ಅಕ್ಷರ ಕಂಡ್ವು. ಆದ್ರೆ ಅವತ್ತು ನನ್ನ ತಲೇಲಿ ಒಂದು ವಿಷಯ ಗಟ್ಟಿಯಾಗಿ ಕೂತ್ಬಿಡ್ತು. ಇಪ್ಪತ್ತು ವರ್ಷದಿಂದ ನಾನು ಕನ್ನಡ ಟೈಪ್ ಮಾಡ್ತಿದೀನಿ ಅಂತ ಅಂದ್ಕೊಂಡಿದ್ದೆ, ಕಂಪ್ಯೂಟರ್ ಲೆಕ್ಕದಲ್ಲಿ ನಾನು ಟೈಪ್ ಮಾಡ್ತಿದ್ದಿದ್ದು ಪಿ, ಎ, ಪೌಂಡು. ಆ ಇಂಗ್ಲಿಷ್ ಅಕ್ಷರದ ಜಾಗಗಳಲ್ಲಿ ಕನ್ನಡದ ಚೂರುಗಳನ್ನ, ತಲೆಕಟ್ಟು, ಕೊಂಬು, ಒತ್ತು ಎಲ್ಲ ಬಿಡಿಬಿಡಿಯಾಗಿ ಕೂರಿಸಿ, ಕಣ್ಣಿಗೆ ಕನ್ನಡ ಕಾಣೋ ಹಂಗೆ ಮಾಡಿದ್ದು ಫಾಂಟು. ಆಸ್ಕಿ ಅಂತ ನಾವು ಕರೆಯೋದು ಇದನ್ನೇ. ವೇಷ ಕಳಚಿದ್ರೆ ಒಳಗೆ ಬೇರೆ ಪಾತ್ರಧಾರಿ.

ಇದನ್ನ ಮಾಡಿದವರನ್ನ ದೂರೋದಕ್ಕೆ ನಾನು ಬಂದಿಲ್ಲ. 1998ರಲ್ಲಿ ಬರಹ ಅನ್ನೋ ಕನ್ನಡ ಸಾಫ್ಟ್‌ವೇರ್ ಬಂದಾಗ, ಆಮೇಲೆ ನುಡಿ ಬಂದಾಗ ಬೇರೆ ದಾರಿ ಇರಲಿಲ್ಲ. ವಿಂಡೋಸ್ ಒಳಗೆ ಯೂನಿಕೋಡ್ ಕನ್ನಡ, ತುಂಗಾ ಫಾಂಟು ಬಂದಿದ್ದೇ 2001ರಲ್ಲಿ, ಎಕ್ಸ್‌ಪಿ ಜೊತೆ. (ಪಾಪ ತುಂಗಾ, ವಿಂಡೋಸ್ 10ರಲ್ಲಿ ಅದನ್ನೂ ಆಪ್ಶನಲ್ ಫೀಚರ್ ಪಟ್ಟಿಗೆ ತಳ್ಳಿದ್ರು, ಬೇಕಾದವರು ಹುಡುಕಿ ಹಾಕ್ಕೋಬೇಕು.) ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತೇ ಇರಲಿಲ್ಲ, ಕೊನೇ ವರ್ಶನ್ 7.0 ಬಂದಿದ್ದು 2001ರಲ್ಲೇ, 2004ಕ್ಕೆ ಅಡೋಬಿಯವರು ಅದರ ಕೆಲಸಾನೇ ನಿಲ್ಲಿಸಿದ್ರು. ಅಂದ್ರೆ ನೋಡಿ, ನಾನು ಅಂಗಡಿ ತೆಗೆದ ಮಾರನೇ ವರ್ಷವೇ ಸತ್ತುಹೋದ ಸಾಫ್ಟ್‌ವೇರಲ್ಲಿ ಇಲ್ಲಿವರೆಗೂ ಸಂಸಾರ ಮಾಡಿದೀನಿ. ಮೈಕ್ರೋಸಾಫ್ಟಿನವರು ಟಾಸ್ಕ್‌ಬಾರ್ ಕಿತ್ಕೊಂಡ್ರು ಅಂತ ಬೈತೀವಲ್ಲ, ಟಾಸ್ಕ್‌ಬಾರಿಗೆ ವಾರ ಹದಿನೈದು ದಿನದಲ್ಲಿ ಕೈ ಒಗ್ಗುತ್ತೆ. ನಮ್ಮನ್ನ ಕಟ್ಟಿಹಾಕಿರೋದು ಆ ಪಟ್ಟಿಯೂ ಅಲ್ಲ, ಬಟನ್ನೂ ಅಲ್ಲ, ನಮ್ಮದೇ ಡಿ ಡ್ರೈವಲ್ಲಿರೋ ಸಾವಿರಾರು ಆಸ್ಕಿ ಫೈಲು. ಅದಿರೋವರೆಗೂ ಅವರು ಸ್ಟಾರ್ಟ್ ಬಟನ್ನನ್ನ ಸೂರಿಗೆ ನೇತುಹಾಕಿದ್ರೂ ನಾವು ಏಣಿ ಹಾಕ್ಕೊಂಡು ಒತ್ತಲೇಬೇಕು.

ಹಂಗಂತ ಫೈಲ್ ಒಂದೇ ಅಡ್ಡಿ ಅಂತಾನೂ ಅಲ್ಲ. ಆಧಾರ್ ಬೆರಳಚ್ಚು ಮಷೀನು ನನ್ನ ಹತ್ರ ಇರೋದಕ್ಕೆ ವಿಂಡೋಸ್ ಸಾಫ್ಟ್‌ವೇರ್ ಮಾತ್ರ ಕೊಟ್ಟಿದಾರೆ. ನಮ್ಮಂಥ ಅಂಗಡಿಗಳಲ್ಲಿ ವರ್ಷಾನುಗಟ್ಟಲೆಯಿಂದ ದುಡೀತಿರೋ ಒಂದು ಸಣ್ಣ ಲೇಸರ್ ಪ್ರಿಂಟರ್ ಇದೆ, ಯಾವುದು ಅಂತ ಹೇಳಲ್ಲ, ನೀವು ಈಗಾಗಲೇ ತಿರುಗಿ ನೋಡಿರ್ತೀರ, ಅದನ್ನ ಲಿನಕ್ಸಲ್ಲಿ ಓಡ್ಸೋಕೆ ನಾನು ಎರಡು ರಾತ್ರಿ ಕೂತೆ, ಮೂರನೇ ರಾತ್ರಿ ಮನೇಲಿ ಮಾತು ಬಿಟ್ರು. ನಾವು ಡಿಸೈನ್ ಮಾಡೋ ಕೋರೆಲ್‌ಡ್ರಾ ಲಿನಕ್ಸಿಗೆ ಬಂದಿದ್ದು ಒಂದೇ ಸಲ, 2000ನೇ ಇಸವೀಲಿ 9ನೇ ವರ್ಶನ್ನು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಲಿಬ್ರೆಆಫೀಸಿನ ಡ್ರಾ ಅನ್ನೋದು ಕೋರೆಲ್ ಫೈಲೂ ತೆಗೆಯುತ್ತೆ, ಪೇಜ್‌ಮೇಕರ್ ಫೈಲೂ ತೆಗೆಯುತ್ತೆ, ಇದು ನನಗೆ ಆಶ್ಚರ್ಯ ಆಯ್ತು, ಆದ್ರೆ ತೆಗೆದ ಮೇಲೆ ಪುಟ ಸ್ವಲ್ಪ ಅಲ್ಲಾಡಿರುತ್ತೆ, ಗಣಪತಿ ಚಿತ್ರ ಒಂದು ಕಡೆ, ಪ್ರಸನ್ನ ಒಂದು ಕಡೆ. ಪುಸ್ತಕ ಕಟ್ಟೋರಿಗೆ ಸ್ಕ್ರೈಬಸ್ ಇದೆ, 2024ರ ಜನವರೀಲಿ ಬಂದ 1.6ರಲ್ಲಿ ಕನ್ನಡ ಒತ್ತಕ್ಷರ ಎಲ್ಲ ಸರಿಯಾಗಿ ಕೂರುತ್ತೆ. ಕಲಿಯೋಕೆ ಟೈಮ್ ಬೇಕು, ಸೀಸನ್ನಲ್ಲಿ ಕಲಿಯೋಕೆ ಹೋಗ್ಬೇಡಿ.

ದೊಡ್ಡದಾಗಿ ಬದಲಾಯಿಸಿದವರ ಗತಿ ಏನಾಯ್ತು ಅಂತಾನೂ ಕೇಳ್ತಾರೆ. ಜರ್ಮನಿಯ ಮ್ಯೂನಿಕ್ ನಗರಪಾಲಿಕೆ ಸುಮಾರು 15,000 ಕಂಪ್ಯೂಟರನ್ನ ಲಿನಕ್ಸಿಗೆ ತಿರುಗಿಸ್ತು, ಹತ್ತು ವರ್ಷ ಹಿಡೀತು, 2013ಕ್ಕೆ ಮುಗೀತು ಅಂದ್ರು, 2017ರಲ್ಲಿ ವಾಪಸ್ ವಿಂಡೋಸಿಗೆ ಹೋಗೋ ತೀರ್ಮಾನ ಮಾಡಿದ್ರು. ಅದರ ಹಿಂದೆ ರಾಜಕೀಯ ಎಷ್ಟು, ತಾಂತ್ರಿಕ ಎಷ್ಟು ಅಂತ ಇವತ್ತಿಗೂ ಜಗಳ ಇದೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆ ಮಕ್ಕಳು ವರ್ಷಾನುಗಟ್ಟಲೆಯಿಂದ ಲಿನಕ್ಸಲ್ಲೇ ಪಾಠ ಕಲೀತಿದಾರೆ, ಅಲ್ಲಿ ವಾಪಸ್ ಹೋಗೋ ಮಾತು ನಾನಂತೂ ಕೇಳಿಲ್ಲ. ನನಗೆ ಅನ್ನಿಸೋದು ಇಷ್ಟು, ಕೇರಳದ ಮಕ್ಕಳ ಹತ್ರ ಹಳೇ ಫೈಲ್ ಇರಲಿಲ್ಲ. ಮ್ಯೂನಿಕ್ಕಿನ ಗುಮಾಸ್ತರ ಹತ್ರ ಇತ್ತು. ನಾವು ಯಾರ ಥರ ಅಂತ ಹೇಳೋದು ಬೇಡ.

ಅದಕ್ಕೆ ನಾನು ಮಾಡಿದ್ದು ಹೇಳ್ತೀನಿ, ನೀವೂ ಹಿಂಗೇ ಮಾಡಿ ಅಂತಲ್ಲ. ಮೂರು ಮಷೀನನ್ನ ಒಟ್ಟಿಗೆ ಮುಟ್ಟಲಿಲ್ಲ. ಒಂದು ಹಳೇ ಐ3ನಲ್ಲಿ ವಿಂಡೋಸ್ 10 ಹಂಗೇ ಬಿಟ್ಟೆ, ಇಂಟರ್ನೆಟ್ ವೈರ್ ಮಾತ್ರ ಕಿತ್ತುಹಾಕ್ದೆ, ಅದು ಈಗ ಪೇಜ್‌ಮೇಕರ್ ಮತ್ತೆ ಆ ಪ್ರಿಂಟರಿನ ವೃದ್ಧಾಶ್ರಮ. ಪೆನ್‌ಡ್ರೈವ್ ಹಾಕೋ ಮೊದಲು ಬೇರೆ ಮಷೀನಲ್ಲಿ ಸ್ಕ್ಯಾನ್ ಮಾಡಿಯೇ ಹಾಕೋದು, ಗಿರಾಕಿ ಪೆನ್‌ಡ್ರೈವಂತೂ ಅದರ ಹತ್ರಾನೂ ಬಿಡಲ್ಲ. ಇನ್ನೊಂದು ಐ3ಗೆ ಮಿಂಟ್ 22 ಹಾಕ್ದೆ, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಅಕ್ಕ ಅದ್ರಲ್ಲಿ ಟೈಪಿಂಗು, ಆನ್‌ಲೈನ್ ಅರ್ಜಿ, ಪಿಡಿಎಫ್ ಎಲ್ಲ ಮಾಡ್ತಾರೆ, ಪಟ್ಟಿ ಬಲಗಡೆ ಹಾಕ್ಕೊಂಡಿದಾರೆ. ಮೂರನೇದು ಹೊಸದು, ಬರೋವಾಗಲೇ 11 ಇತ್ತು, ಅದು ಬೆರಳಚ್ಚಿಗೆ, ಕೋರೆಲ್‌ಗೆ. ಮೂರು ಮನೆ ಸಂಸಾರ ಅಂತ ನಗ್ತೀರೇನೋ. ನಗಿ.

ಬದಲಾಯಿಸಬೇಕು ಅಂತ ಮನಸ್ಸು ಮಾಡಿದವರು ದಯವಿಟ್ಟು ಓಎಸ್‌ನಿಂದ, ಅಂದ್ರೆ ವಿಂಡೋಸೋ ಲಿನಕ್ಸೋ ಅನ್ನೋದರಿಂದ, ಶುರು ಮಾಡ್ಬೇಡಿ, ಫೈಲಿಂದ ಶುರು ಮಾಡಿ. ಇವತ್ತಿಂದ ಬರೋ ಹೊಸ ಕೆಲಸ ಎಲ್ಲ ಯೂನಿಕೋಡಲ್ಲಿ, ಅದು ವಿಂಡೋಸ್ ಆಗ್ಲಿ ಮಿಂಟ್ ಆಗ್ಲಿ. ಹಳೇದನ್ನ ಗಿರಾಕಿ ಕೇಳಿದಾಗ ಒಂದೊಂದೇ ತಿರುಗಿಸಿ, ಆಸ್ಕಿಯಿಂದ ಯೂನಿಕೋಡಿಗೆ ಮಾಡೋ ಕನ್ವರ್ಟರುಗಳು ಪುಕ್ಕಟೆ ಸಿಗ್ತವೆ, ಕನ್ನಡದ ಹುಡುಗರೇ ಮಾಡಿರೋದು. ತಿರುಗಿಸಿದ ಮೇಲೆ ಎರಡು ಕಡೆ ಕಣ್ಣಿಟ್ಟು ನೋಡಿ. ಒಂದು ಅರ್ಕಾವತ್ತು, ಆಸ್ಕೀಲಿ ಅದು ಅಕ್ಷರದ ಹಿಂದೆ ಬರುತ್ತೆ, ಯೂನಿಕೋಡಲ್ಲಿ ರಕಾರ ಮೊದಲು ಬರಬೇಕು, ಧರ್ಮ, ಸೂರ್ಯ, ಕಾರ್ಯಕ್ರಮ ಇಂಥ ಪದ ಎಲ್ಲ ಒಂದ್ಸಲ ಓದಿ. ಇನ್ನೊಂದು, ನಡುವೆ ಇಂಗ್ಲಿಷಲ್ಲಿರೋ ಈಮೇಲ್ ಐಡಿ, ಡಿಗ್ರಿ ಹೆಸರು. ಕನ್ವರ್ಟರಿಗೆ ಅದು ಇಂಗ್ಲಿಷ್ ಅಂತ ಗೊತ್ತಾಗಲ್ಲ, ಅದನ್ನೂ ಕನ್ನಡದ ಚಿಂದಿ ಮಾಡಿಡುತ್ತೆ. ನಾನು ಒಬ್ಬ ಮದುಮಗನ ಬಿ.ಇ. ಡಿಗ್ರೀನ ಹಿಂಗೇ ಕಳೆದಿದ್ದೆ, ಪ್ರೂಫ್ ನೋಡೋವಾಗ ಹುಡುಗಿ ಕಡೆಯವರೇ ಹಿಡಿದ್ರು, ಅವರು ಹಿಡಿಯದೇ ಇರ್ತಾರಾ.

ನಮಗೆ ಕೆಲಸ ಕೊಡೋ ಆಫೀಸಿನವರಿಗೆ, ಪತ್ರಿಕೆಯವರಿಗೆ, ಸಂಘಸಂಸ್ಥೆಯವರಿಗೂ ಇಲ್ಲೇ ಒಂದು ಮಾತು. "ನುಡಿ 01 ಫಾಂಟಲ್ಲೇ ಕಳಿಸಿ" ಅಂತ ಇನ್ನೂ ಬರೀತೀರಲ್ಲ ಸ್ವಾಮಿ, ಸರ್ಕಾರವೇ ಯೂನಿಕೋಡ್ ಅಂತ ಒಪ್ಪಿ ಎಷ್ಟೋ ವರ್ಷ ಆಯ್ತು. ನೀವು ಒಂದು ಸಾಲು ಬದಲಾಯಿಸಿದ್ರೆ ಇಲ್ಲಿ ಹಳ್ಳಿ ಹಳ್ಳಿಲಿರೋ ಅಂಗಡಿಯವನು ಯಾವ ಕಂಪ್ಯೂಟರ್ ಇಟ್ಕೋಬೇಕು ಅನ್ನೋದನ್ನ ಅವನೇ ತೀರ್ಮಾನ ಮಾಡ್ಕೋತಾನೆ. ಈಗ ಅವನ ಪರವಾಗಿ ಆ ತೀರ್ಮಾನ ನೀವು ಮಾಡ್ತಿದೀರ, ನಿಮಗೇ ಗೊತ್ತಿಲ್ಲದೆ. ಬೆರಳಚ್ಚು ಮಷೀನು ಮಾಡೋರೂ, ಟೆಂಡರ್ ಕರೆಯೋ ಸಾಹೇಬರೂ ಇದನ್ನ ಓದಿದ್ರೆ ಒಳ್ಳೇದು, ಓದ್ತಾರೆ ಅನ್ನೋ ಭ್ರಮೆ ನನಗಿಲ್ಲ.

ಮೊನ್ನೆ ನಮ್ಮಕ್ಕನ್ನ ಕೇಳ್ದೆ, ಯಾವುದು ಚೆನ್ನಾಗಿದೆ ಅಂತ. "ಯಾವುದಾದ್ರೂ ಇರ್ಲಿ ಬಿಡಿ ಅಣ್ಣ, ಬೆಳಿಗ್ಗೆ ಬಂದಾಗ ನಿನ್ನೆ ಇದ್ದಂಗೇ ಇದ್ರೆ ಸಾಕು" ಅಂದ್ರು, ತಿರುಗಿಯೂ ನೋಡದೆ.

ಮಿಂಟ್ ಹಾಕಿ ನೋಡ್ತೀನಿ ಅನ್ನೋರು ಯಾವ ಭಾನುವಾರ ಬೇಕಾದ್ರೂ ಮಧ್ಯಾಹ್ನ ಊಟ ಆದ್ಮೇಲೆ ಅಂಗಡಿ ಹತ್ರ ಬನ್ನಿ, ಎಂಟು ಜಿಬಿ ಪೆನ್‌ಡ್ರೈವ್ ಒಂದು ತನ್ನಿ, ಹಾಕ್ಕೊಡ್ತೀನಿ, ದುಡ್ಡು ಬೇಡ, ಟೀ ಕುಡಿಸಿದ್ರೆ ಕುಡೀತೀನಿ. ಬರೋ ಮೊದಲು ನಿಮ್ಮ ಪ್ರಿಂಟರಿನ ಹಿಂದೆ ಅಂಟಿಸಿರೋ ಸ್ಟಿಕರಿನ ಫೋಟೋ ಹೊಡ್ಕೊಂಡು ಬನ್ನಿ, ಮಾಡೆಲ್ ನಂಬರ್ ಇಲ್ಲದೆ ನಡೆಯುತ್ತೋ ಇಲ್ವೋ ಅಂತ ನಾನು ಏನೂ ಹೇಳೋಕಾಗಲ್ಲ.

ಇಂತಿ,
ತಿಪಟೂರಿನ ಒಬ್ಬ ಡಿಟಿಪಿ ಅಂಗಡಿಯವ